ಲೀಟರಿಗೆ ಒಂದೂವರೆ ರೂಪಾಯಿ ಬಿಡುವ ಬಂಕ್: ಡೀಸೆಲ್ ಹಾಕಿಸಬಹುದಾ?

ಹುಬ್ಬಳ್ಳಿ ಹತ್ತುಚಕ್ರ

ಎಲ್ಲರಿಗೂ ನಮಸ್ಕಾರ. ನನ್ನದು ಒಂದೇ ಲಾರಿ, ಹತ್ತು ಚಕ್ರದ್ದು, ಬಿಎಸ್6 (ಹೊಸ ಹೊಗೆ ನಿಯಮದ್ದು). ಮಾಲೀಕನೂ ನಾನೇ, ಡ್ರೈವರೂ ನಾನೇ. ಹುಬ್ಬಳ್ಳಿ–ಪುಣೆ ಲೈನ್.

ಜೂನ್‌ನಿಂದ ಹೈವೇ ಮೇಲಿನ ಒಂದು ಬಂಕಿನವರು ನನಗೆ ಲೀಟರಿಗೆ 1.50 ರೂಪಾಯಿ ಬಿಟ್ಟು ಕೊಡುತ್ತಿದ್ದಾರೆ. ಷರತ್ತು ಎರಡು. 200 ಲೀಟರಿಗಿಂತ ಜಾಸ್ತಿ ಹಾಕಿಸಬೇಕು, ದುಡ್ಡು ನಗದಾಗಿ ಕೊಡಬೇಕು. ಬಿಲ್ ಬೋರ್ಡ್ ರೇಟಿಗೇ ಬರುತ್ತದೆ, ಬಿಟ್ಟ ದುಡ್ಡು ಕೈಗೆ ವಾಪಸ್ ಬರುತ್ತದೆ.

ನಾಲ್ಕು ಸಲ ಹಾಕಿಸಿದೆ. ಮೊದಲೆರಡು ಸಲ ಏನೂ ತೊಂದರೆ ಇಲ್ಲ. ಮೂರನೇ ಸಲದಿಂದ ಮೈಲೇಜ್ 3.9 ಇದ್ದದ್ದು 3.7ಕ್ಕೆ ಬಂತು. ನಾಲ್ಕನೇ ಸಲ ಹಾಕಿಸಿ ತವಂದಿ ಘಾಟ್ ಹತ್ತುವಾಗ ಗಾಡಿ ಎಳೆಯುತ್ತಲೇ ಇಲ್ಲ. ನಿಪ್ಪಾಣಿ ದಾಟುವಷ್ಟರಲ್ಲಿ ಫಿಲ್ಟರಿನಲ್ಲಿ ನೀರು ಇದೆ ಅನ್ನುವ ಲೈಟ್ ಹತ್ತಿಕೊಂಡಿತು. ಕಾಗಲ್ ಹತ್ತಿರ ನಿಲ್ಲಿಸಿ ಡೀಸೆಲ್ಲಿನಿಂದ ನೀರು ಬೇರೆ ಮಾಡುವ ಸೆಪರೇಟರ್ ಬಿಚ್ಚಿದರೆ ಅರ್ಧ ಚಹಾ ಲೋಟದಷ್ಟು ನೀರು ಬಂತು.

ಈ ಡಿಸ್ಕೌಂಟ್ ಎಲ್ಲಿಂದ ಬರುತ್ತದೆ? ಕಲಬೆರಕೆ ಡೀಸೆಲ್ಲಾ? ತಿಳಿದವರು ಹೇಳಿ.

ಮೂರುಗೇರ್

ಪುಕ್ಕಟೆ ಸಿಕ್ಕರೆ ನಂಗೂ ನಮ್ಮಪ್ಪಂಗೂ ಅಂತ ಹೋದಿರಿ. ಅನುಭವಿಸಿ ಅಣ್ಣಾ 😄

ಶಿರಾಡಿ ಘಾಟ್

ಅವರು ಕೇಳಿದ್ದಕ್ಕೆ ಉತ್ತರ ಕೊಡು ಮಾರಾಯ. ನಗುವುದಕ್ಕೆ ಆಮೇಲೆ ಟೈಮ್ ಇದೆ.

ನಾನು 22 ವರ್ಷದಿಂದ ಮಂಗಳೂರು–ಬೆಂಗಳೂರು ಓಡಿಸುತ್ತಿದ್ದೇನೆ, ಸಂಬಳದ ಡ್ರೈವರ್. ಹೈವೇ ಬಂಕುಗಳಲ್ಲಿ ಇಂಥ "ಬಿಟ್ಟು ಕೊಡೋದು" ಹೊಸದೇನಲ್ಲ. ಆದರೆ ಆ ದುಡ್ಡು ಯಾರ ಜೇಬಿಗೆ ಹೋಗುತ್ತದೆ ಅನ್ನುವುದರ ಮೇಲೆ ಕಥೆ ಬೇರೆ ಬೇರೆ. ನೀವೇ ಮಾಲೀಕರಾದರೆ ನಿಮ್ಮ ಜೇಬಿಗೆ. ನಮ್ಮಂಥವರಿಗೆ ಬಂಕಿನವರು 100–200 ರೂಪಾಯಿ ಕೈಗೆ ಕೊಡುತ್ತಾರೆ, ಒಂದು ಊಟ, ಸ್ನಾನಕ್ಕೆ ನೀರು. ಬಿಲ್ ಪೂರ್ತಿ ರೇಟಿಗೆ ಮಾಲೀಕರಿಗೆ ಹೋಗುತ್ತದೆ. ಮುಚ್ಚಿಟ್ಟು ಏನು ಪ್ರಯೋಜನ, ಇದು ಎಲ್ಲರಿಗೂ ಗೊತ್ತಿರುವುದೇ.

ನಾನು ಬಂಕ್ ಆರಿಸುವುದು ಡಿಸ್ಕೌಂಟ್ ನೋಡಿ ಅಲ್ಲ. ರಾತ್ರಿ ಲೈಟ್ ಇದೆಯಾ, ಗಾಡಿ ನಿಲ್ಲಿಸಿ ನಾಲ್ಕು ಗಂಟೆ ಮಲಗಿದರೆ ಟ್ಯಾಂಕಿಗೆ ಯಾರಾದರೂ ಪೈಪ್ ಹಾಕುತ್ತಾರಾ, ಶೌಚಾಲಯಕ್ಕೆ ಬೀಗ ಹಾಕಿದ್ದಾರಾ, ಇಷ್ಟೇ. ಒಂದು ರಾತ್ರಿ ಕಳ್ಳರು 60 ಲೀಟರ್ ಎಳೆದುಕೊಂಡರೆ ಎಷ್ಟೋ ಟ್ರಿಪ್ಪಿನ ಡಿಸ್ಕೌಂಟ್ ಹೋದಂತೆ.

ಲೆಕ್ಕದ ಅಕ್ಕ

ದಾವಣಗೆರೆಯಿಂದ. ನಮ್ಮದು ಮೂರು ಗಾಡಿ. ಯಜಮಾನರು ಲೋಡ್ ನೋಡಿಕೊಳ್ಳುತ್ತಾರೆ, ಪುಸ್ತಕ ನನ್ನದು. ಹುಬ್ಬಳ್ಳಿ ಅಣ್ಣನವರೇ, ಕಲಬೆರಕೆಯ ವಿಷಯ ಆಮೇಲೆ. ಮೊದಲು ಲೆಕ್ಕ ಹಾಕೋಣ.

ಹುಬ್ಬಳ್ಳಿ–ಪುಣೆ ಹೋಗಿ ಬರಲು 860 ಕಿ.ಮೀ. ಅಂತ ಇಟ್ಟುಕೊಳ್ಳಿ. 3.9ರ ಮೈಲೇಜಿಗೆ ಸುಮಾರು 220 ಲೀಟರ್ ಬೇಕು. 3.7 ಬಂದರೆ 232 ಲೀಟರ್. ಜಾಸ್ತಿ ಸುಟ್ಟದ್ದು 12 ಲೀಟರ್, 91 ರೂಪಾಯಿಯಂತೆ 1,092. ಡಿಸ್ಕೌಂಟ್ ಸಿಕ್ಕಿದ್ದು 232ಕ್ಕೆ ಒಂದೂವರೆಯಂತೆ 348. ಅಂದರೆ ಪ್ರತಿ ಟ್ರಿಪ್ಪಿಗೂ ನಿಮ್ಮ ಕೈಯಿಂದ 740 ರೂಪಾಯಿ ಹೋಗುತ್ತಿದೆ. ನೀವು ಮಾತ್ರ 348 ಉಳಿಯಿತು ಅಂದುಕೊಂಡಿದ್ದೀರಿ.

ನಮ್ಮ ಮನೆಯಲ್ಲೂ ಇದೇ ಆಗಿತ್ತು. ಕೈಗೆ ಬಂದ ನೋಟು ಕಣ್ಣಿಗೆ ಕಾಣುತ್ತದೆ. ಸೈಲೆನ್ಸರಿನಲ್ಲಿ ಹೋದದ್ದು ಕಾಣುವುದಿಲ್ಲ ನೋಡಿ.

ಒಂದು ಕೇಳಲಾ? 3.7 ಅಂತ ಹೇಗೆ ಲೆಕ್ಕ ಹಾಕಿದಿರಿ? ಫುಲ್ ಟ್ಯಾಂಕಿನಿಂದ ಫುಲ್ ಟ್ಯಾಂಕಿಗಾ, ಮೀಟರ್ ಮುಳ್ಳು ನೋಡಿಯಾ? ಲೋಡ್ ಎಷ್ಟಿತ್ತು?

ಹುಬ್ಬಳ್ಳಿ ಹತ್ತುಚಕ್ರ

ಅಕ್ಕ, ಫುಲ್‌ನಿಂದ ಫುಲ್‌ಗೆ. ಲೋಡ್ ಹೆಚ್ಚುಕಡಿಮೆ ಅಷ್ಟೇ. ಮಳೆ ಮಾತ್ರ ಇತ್ತು. ನಿಮ್ಮ ಲೆಕ್ಕ ನೋಡಿ ಹೊಟ್ಟೆ ಉರಿಯಿತು.

ಹಳೇ ಬಂಕ್ ಮ್ಯಾನೇಜರ್

ಬಂಕ್ ಕಡೆಯವನು ನಾನು. 14 ವರ್ಷ ಒಂದು ಬಂಕ್ ನೋಡಿಕೊಂಡಿದ್ದೆ, ಈಗ ಬಿಟ್ಟಿದ್ದೇನೆ. ಹಾಗಾಗಿ ಮನಸ್ಸು ಬಿಚ್ಚಿ ಹೇಳಬಹುದು.

ಡೀಸೆಲ್ ಮೇಲೆ ಡೀಲರಿಗೆ ಸಿಗುವ ಕಮಿಷನ್ ಲೀಟರಿಗೆ ಎರಡು ರೂಪಾಯಿ ಆಸುಪಾಸು. ಹುಡುಗರ ಸಂಬಳ, ಕರೆಂಟ್, ಆವಿಯಾಗಿ ಹೋಗುವುದು, ಬ್ಯಾಂಕ್ ಬಡ್ಡಿ ಎಲ್ಲ ಅದರಲ್ಲೇ. ಅದರಲ್ಲಿ 1.50 ಬಿಟ್ಟರೆ ಉಳಿಯುವುದು ಎಂಟಾಣೆ. ಅಂದ ಮಾತ್ರಕ್ಕೆ ಮೋಸ ಅಂತ ಹೇಳಲಾರೆ. ಲಾರಿಯವರು ಸಾಲ ಹೇಳಿ 45 ದಿನ ಓಡಾಡಿಸುವುದಕ್ಕಿಂತ, ನಗದು ಕೊಡುವವನಿಗೆ ಒಂದು ರೂಪಾಯಿ ಬಿಟ್ಟರೆ ಮೇಲು ಅಂತ ನಾನೂ ಕೊಟ್ಟಿದ್ದೇನೆ. ವ್ಯಾಪಾರ ಜಾಸ್ತಿ ತೋರಿಸುವ ಒತ್ತಡವೂ ಇರುತ್ತದೆ. ಒಂದು, ಒಂದೂವರೆ ಅಂದರೆ ವ್ಯಾಪಾರ. ಐದು ರೂಪಾಯಿ ಬಿಡುತ್ತೇನೆ ಅಂದವನ ಬಳಿ ನಿಲ್ಲಬೇಡಿ. ಆ ಐದು ಅವನ ಕಮಿಷನ್ನಿನಿಂದ ಬರುವುದಕ್ಕೆ ಸಾಧ್ಯವೇ ಇಲ್ಲ, ಟ್ಯಾಂಕಿನೊಳಗಿಂದಲೇ ಬರಬೇಕು.

ಇನ್ನು ಪರೀಕ್ಷೆ. ಪ್ರತಿ ಬಂಕಿನಲ್ಲೂ ಡೆನ್ಸಿಟಿ (ಲೀಟರಿಗೆ ಎಷ್ಟು ತೂಕ ಅನ್ನುವುದು) ಅಳೆಯುವ ಹೈಡ್ರೋಮೀಟರ್, ಥರ್ಮಾಮೀಟರ್, ಗಾಜಿನ ಜಾಡಿ, ಡೆನ್ಸಿಟಿ ರಿಜಿಸ್ಟರ್ ಇರಲೇಬೇಕು. ಐದು ಲೀಟರಿನ ಅಳತೆ ಪಾತ್ರೆಯೂ ಇರಬೇಕು, ಅದಕ್ಕೆ ಕಾನೂನು ಮಾಪನ ಇಲಾಖೆಯ ಮುದ್ರೆ ಇರುತ್ತದೆ. ಗಿರಾಕಿ ಕೇಳಿದರೆ ತೋರಿಸಬೇಕು, ಆಗಲ್ಲ ಅನ್ನುವಂತಿಲ್ಲ. ಐದು ಲೀಟರಿಗೆ 25 ಮಿ.ಲೀ. ತನಕ ಹೆಚ್ಚುಕಡಿಮೆ ಒಪ್ಪಿಗೆ. ಅದಕ್ಕಿಂತ ಕಡಿಮೆ ಬಂದರೆ ಆ ನಾಜಲ್ ನಿಲ್ಲಿಸಬೇಕು.

ಡೆನ್ಸಿಟಿ ನೋಡುವುದು ಹೀಗೆ. ಟ್ಯಾಂಕರ್ ಬಂದಾಗ ಚಲನ್ನಿನಲ್ಲಿ ಆ ಲೋಡಿನ ಡೆನ್ಸಿಟಿ ಬರೆದಿರುತ್ತದೆ. ಬಂಕಿನವರು ಬೆಳಿಗ್ಗೆ ಅಳೆದು ರಿಜಿಸ್ಟರಿಗೆ ಬರೆಯುತ್ತಾರೆ, ಯಂತ್ರದ ಮೇಲೂ ಹಾಕುತ್ತಾರೆ. ಎಷ್ಟೋ ಕಡೆ ಬಿಲ್ಲಿನ ಮೇಲೂ ಅಚ್ಚಾಗಿರುತ್ತದೆ. ನೀವು ನಾಜಲ್ಲಿನಿಂದ ತೆಗೆಸಿ ಅಳೆದದ್ದಕ್ಕೂ ರಿಜಿಸ್ಟರಿಗೂ 3 ಅಂಕಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಅನುಮಾನ ಪಡಿ. ಸೀಮೆಎಣ್ಣೆ ಬೆರೆಸಿದರೆ ಡೆನ್ಸಿಟಿ ಇಳಿಯುತ್ತದೆ.

ಫಿಲ್ಟರ್ ಪೇಪರ್ ಪರೀಕ್ಷೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಅದು ಪೆಟ್ರೋಲಿಗೆ.

ಮೂರುಗೇರ್

ನಾನು ಹೋದ ವಾರ ಒಂದು ಕಡೆ ಗಲಾಟೆ ಮಾಡಿ ಅಳೆಸಿದೆ. ಹೈಡ್ರೋಮೀಟರ್ 812 ತೋರಿಸಿತು. ಬೋರ್ಡಿನಲ್ಲಿ 824. ಹನ್ನೆರಡು ವ್ಯತ್ಯಾಸ! ವಿಡಿಯೋ ಕೂಡ ಮಾಡಿಕೊಂಡಿದ್ದೇನೆ. ಎಲ್ಲರಿಗೂ ಹಂಚಬೇಕು ಅಂತಿದ್ದೇನೆ.

ಹಳೇ ಬಂಕ್ ಮ್ಯಾನೇಜರ್

ಹಂಚಬೇಡಿ. ಥರ್ಮಾಮೀಟರ್ ಎಷ್ಟು ತೋರಿಸಿತು?

ಮೂರುಗೇರ್

32.

ಹಳೇ ಬಂಕ್ ಮ್ಯಾನೇಜರ್

ಹಾಗಾದರೆ ಡೀಸೆಲ್ ಸರಿಯಾಗೇ ಇದೆ. ಬೋರ್ಡಿನಲ್ಲಿ ಬರೆಯುವುದು 15 ಡಿಗ್ರಿಗೆ ಪರಿವರ್ತಿಸಿದ ಅಂಕಿ. ಡೀಸೆಲ್ ಬಿಸಿಯಾದಂತೆ ಹಿಗ್ಗುತ್ತದೆ. ಒಂದು ಡಿಗ್ರಿಗೆ ಸುಮಾರು 0.7ರಷ್ಟು ಡೆನ್ಸಿಟಿ ಇಳಿಯುತ್ತದೆ. 32ರಲ್ಲಿ 15 ಕಳೆದರೆ 17, ಅದಕ್ಕೆ 0.7ರಂತೆ 12. ನಿಮ್ಮ 812ಕ್ಕೆ 12 ಸೇರಿಸಿ. 824. ಬಂಕಿನಲ್ಲಿ ಇದಕ್ಕೆಂದೇ ಟೇಬಲ್ ಪುಸ್ತಕ ಇರುತ್ತದೆ, ಅದನ್ನು ನೋಡಬೇಕಿತ್ತು.

ಮೂರುಗೇರ್

ಆಯ್ತು ಸರ್. ವಿಡಿಯೋ ಡಿಲೀಟ್ ಮಾಡಿದೆ.

ಶಿರಾಡಿ ಘಾಟ್

ಹಾಗಾದರೆ ಬೆಳಗಿನ ಜಾವ ತಂಪಿನಲ್ಲಿ ಹಾಕಿಸಿದರೆ ಜಾಸ್ತಿ ಬರುತ್ತದೆ ಅನ್ನುವುದು ನಿಜವಾ? ನಮ್ಮ ಹಳೇ ಗುರುಗಳು ಅದನ್ನೇ ಹೇಳುತ್ತಿದ್ದರು.

ಹಳೇ ಬಂಕ್ ಮ್ಯಾನೇಜರ್

ಲೆಕ್ಕದಲ್ಲಿ ನಿಜ, ಬಂಕಿನಲ್ಲಿ ಅಲ್ಲ. ಟ್ಯಾಂಕ್ ನೆಲದೊಳಗಿದೆ. ಹೊರಗೆ ಬಿಸಿಲಿದ್ದರೂ ಚಳಿಯಿದ್ದರೂ ಒಳಗಿನ ಡೀಸೆಲ್ಲಿನ ಬಿಸಿ ದಿನದೊಳಗೆ ಅಷ್ಟೇನೂ ಬದಲಾಗುವುದಿಲ್ಲ. ಅದಕ್ಕೋಸ್ಕರ ನಿದ್ದೆ ಕೆಡಬೇಡಿ. ಟ್ಯಾಂಕರ್ ಇಳಿಸುತ್ತಿರುವಾಗ ಮಾತ್ರ ಹಾಕಿಸಬೇಡಿ, ತಳದ ಕೆಸರು, ನೀರು ಎಲ್ಲ ಕದಡಿರುತ್ತದೆ.

ಇಂಜೆಕ್ಟರ್ ಅಂಗಡಿ, ತುಮಕೂರು

ಈ ಚರ್ಚೆ ಇವತ್ತು ಕಣ್ಣಿಗೆ ಬಿತ್ತು. ನಮ್ಮ ಅಂಗಡಿಗೆ ಬರುವ ಗಾಡಿಗಳ ಅನುಭವದಿಂದ ಬರೆಯುತ್ತೇನೆ.

ಹಳೇ ಗಾಡಿಗಳ ಪಂಪ್ ಏನು ಕೊಟ್ಟರೂ ಕುಡಿಯುತ್ತಿತ್ತು. ಸ್ವಲ್ಪ ಸೀಮೆಎಣ್ಣೆ ಬಿದ್ದರೆ ಹೊಗೆ, ಸದ್ದು ಬದಲಾಗುತ್ತಿತ್ತು, ಅಷ್ಟೇ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್6 ಗಾಡಿಗಳು ಹಾಗಲ್ಲ. ಇಂಜೆಕ್ಟರುಗಳಿಗೆ ಡೀಸೆಲ್ ಹಂಚುವ ಕಾಮನ್ ರೈಲ್ ಪೈಪಿನಲ್ಲಿ ಸಾವಿರಾರು ಬಾರ್ ಒತ್ತಡ ಇರುತ್ತದೆ. ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರಿನ ತುದಿಯ ತೂತು ಕೂದಲಿನಷ್ಟು. ಆ ಪಂಪಿಗೂ ಇಂಜೆಕ್ಟರಿಗೂ ಜಾರು ಕೊಡುವ ಎಣ್ಣೆ ಅಂದರೆ ಡೀಸೆಲ್ಲೇ, ಬೇರೆ ಆಯಿಲ್ ಇಲ್ಲ. ಸೀಮೆಎಣ್ಣೆಗೆ ಜಾರು ಕಡಿಮೆ, ನೀರಿಗೆ ಇಲ್ಲವೇ ಇಲ್ಲ. ಆರು ಇಂಜೆಕ್ಟರ್ ಹೋದರೆ ಬರುವ ಬಿಲ್ ನೋಡಿ ಅಂಗಡಿಯಲ್ಲೇ ತಲೆ ಮೇಲೆ ಕೈ ಹೊತ್ತು ಕೂತವರನ್ನು ನೋಡಿದ್ದೇನೆ.

ಗಂಧಕದ ವಿಷಯವೂ ಇದೆ. ಬಿಎಸ್4 ಡೀಸೆಲ್ಲಿನಲ್ಲಿ 50 ಪಿಪಿಎಂ (ಹತ್ತು ಲಕ್ಷಕ್ಕೆ 50 ಪಾಲು) ತನಕ ಇರಬಹುದಿತ್ತು, ಬಿಎಸ್6ನಲ್ಲಿ 10. ಸೈಲೆನ್ಸರ್ ಒಳಗೆ ಹೊಗೆ ಶುದ್ಧ ಮಾಡುವ ಕ್ಯಾಟಲಿಸ್ಟಿಗೆ ಗಂಧಕ ಅಂದರೆ ವಿಷ. ದಾರಿ ಬದಿ ಬ್ಯಾರೆಲ್ಲಿನಲ್ಲಿ "ಬಯೋಡೀಸೆಲ್" ಅಂತ 15–20 ರೂಪಾಯಿ ಕಡಿಮೆಗೆ ಮಾರುತ್ತಾರಲ್ಲ, ಗುಜರಾತಿನ ಕಡೆ ಅದು ಅತಿಯಾಗಿ 2021ರಲ್ಲಿ ಸರ್ಕಾರವೇ ದಾಳಿ ಮಾಡಿಸಿತು. ಆ ಲೈನಿಗೆ ಹೋಗುವವರು ಆಸೆಗೆ ಬೀಳಬೇಡಿ. ಅದರಲ್ಲಿ ಏನಿದೆ ಅಂತ ಮಾರುವವನಿಗೂ ಗೊತ್ತಿರುವುದಿಲ್ಲ.

ಹೊಗೆ ಶುದ್ಧ ಮಾಡಲು ಬೇರೆ ಟ್ಯಾಂಕಿಗೆ ಹಾಕುವ ಡಿಇಎಫ್ ಬಕೆಟ್ಟೂ ಇದೇ ಕಥೆ. ಅದು 32.5 ಶೇಕಡಾ ಯೂರಿಯಾ, ಉಳಿದದ್ದು ಶುದ್ಧ ನೀರು. ಹೊಲಕ್ಕೆ ಹಾಕುವ ಯೂರಿಯಾವನ್ನು ಬೋರ್ ನೀರಿನಲ್ಲಿ ಕಲಸಿ ಕೊಡುವವರಿದ್ದಾರೆ. ನಾಜಲ್ಲಿನಲ್ಲಿ ಬೆಳ್ಳಗೆ ಉಪ್ಪು ಕಟ್ಟಿಕೊಂಡು ಗಾಡಿ ಪವರ್ ಕಟ್ ಮಾಡುತ್ತದೆ. ಡೀಸೆಲ್ಲಿನಲ್ಲಿ ಕಂಜೂಸಿ ಮಾಡದವರೂ ಇಲ್ಲಿ ಮಾಡಿ ಸಿಕ್ಕಿಬೀಳುತ್ತಾರೆ.

ಹುಬ್ಬಳ್ಳಿ ಅಣ್ಣ, ನಿಮ್ಮದು ನೀರಿನ ತೊಂದರೆ. ನೀರು ಅಂದ ಕೂಡಲೇ ಬಂಕನ್ನು ಬೈಯಬೇಡಿ. ಮಳೆಗಾಲದಲ್ಲಿ ಬರುವ ಹತ್ತು ಗಾಡಿಗಳಲ್ಲಿ ಎಷ್ಟೋ ಗಾಡಿಗೆ ನೀರು ಹೋಗಿರುವುದು ಅವರದೇ ಟ್ಯಾಂಕಿನ ಮುಚ್ಚಳದಿಂದ. ಮುಚ್ಚಳದ ಒಳಗಿನ ರಬ್ಬರ್ ಬಳೆ ನೋಡಿ. ಇತ್ತೀಚೆಗೆ ಸರ್ವಿಸ್ ಸ್ಟೇಷನ್ನಿನಲ್ಲಿ ಪ್ರೆಷರ್ ನೀರು ಹೊಡೆಸಿದಿರಾ?

ಹುಬ್ಬಳ್ಳಿ ಹತ್ತುಚಕ್ರ

ಹೊಡೆಸಿದ್ದೆ. ಮೂರನೇ ಸಲ ಹಾಕಿಸುವುದಕ್ಕೆ ಎರಡು ದಿನ ಮುಂಚೆ. ಮುಚ್ಚಳ ನೋಡಿ ಬರೆಯುತ್ತೇನೆ.

ತಲಪಾಡಿ ದಾಟಿ

ಮಂಗಳೂರಿನಿಂದ ಕೇರಳಕ್ಕೆ ಹೋಗುವವನು. ನಮಗೆ ಯಾರೂ ಡಿಸ್ಕೌಂಟ್ ಕೊಡಬೇಕಾಗಿಲ್ಲ ಮಾರಾಯ್ರೆ, ಗಡಿಯೇ ಕೊಡುತ್ತದೆ. 2025ರ ಏಪ್ರಿಲ್ 1ಕ್ಕೆ ನಮ್ಮ ಸರ್ಕಾರ ಡೀಸೆಲ್ ಮಾರಾಟ ತೆರಿಗೆಯನ್ನು 18.44ರಿಂದ 21.17 ಶೇಕಡಾಕ್ಕೆ ಏರಿಸಿತಲ್ಲ, ಆಗಲೂ ಬೆಂಗಳೂರಿನಲ್ಲಿ 91.02, ಕಾಸರಗೋಡಿನಲ್ಲಿ 95.66. ಮಂಗಳೂರಿನಲ್ಲಿ ಬೆಂಗಳೂರಿಗಿಂತಲೂ ಸ್ವಲ್ಪ ಕಡಿಮೆ. 350 ಲೀಟರ್ ಟ್ಯಾಂಕ್ ತುಂಬಿಸಿಕೊಂಡು ಗಡಿ ದಾಟಿದರೆ ಸಾವಿರದೈನೂರಕ್ಕೂ ಮೇಲೆ ಉಳಿತಾಯ. ಅದಕ್ಕೇ ತಲಪಾಡಿ ಬಂಕುಗಳಲ್ಲಿ ಕೇರಳದ ಗಾಡಿಗಳ ಸಾಲು.

ಲೆಕ್ಕದ ಅಕ್ಕ

ಹೊಸೂರಿನಲ್ಲೂ ಆಗ 94.42 ಇತ್ತು. ತಮಿಳುನಾಡಿಗೆ ಹೋಗುವ ನಮ್ಮ ಗಾಡಿಗೆ ಅತ್ತಿಬೆಲೆಗೆ ಮುಂಚೆಯೇ ಫುಲ್ ಮಾಡಿಸು ಅಂತ ಫೋನ್ ಮಾಡಿ ನೆನಪಿಸುತ್ತೇನೆ. ಹುಬ್ಬಳ್ಳಿ ಅಣ್ಣನವರ ಪಾಡೇ ಪಾಡು. ಮಹಾರಾಷ್ಟ್ರ ಗಡಿಯ ಕಾಗಲ್ಲಿನಲ್ಲಿ ಆಗ 91.07! ಬೆಂಗಳೂರಿನ ರೇಟಿಗೂ ಅದಕ್ಕೂ ಐದೇ ಪೈಸೆ. 2024ರ ಜೂನ್‌ನಲ್ಲಿ ಒಂದು ಸಲ ತೆರಿಗೆ ಏರಿತು, 2025ರ ಏಪ್ರಿಲ್‌ನಲ್ಲಿ ಇನ್ನೊಂದು ಸಲ. ಪುಣೆ ಲೈನಿನವರಿಗೆ ಗಡಿಯ ಲಾಭ ಹೋಯಿತು. ಏಪ್ರಿಲ್ 14ರ ಮಧ್ಯರಾತ್ರಿಯಿಂದ ಲಾರಿ ಮುಷ್ಕರ ಮಾಡಿದೆವು. ಗಾಡಿ ನಿಂತಷ್ಟು ದಿನದ ಕಂತು ನಮ್ಮ ಮೇಲೇ ಬಿತ್ತು, ಡೀಸೆಲ್ ಇಳಿಯಲಿಲ್ಲ.

ಡೀಸೆಲ್ ಜಿಎಸ್‌ಟಿಯೊಳಗೆ ಇಲ್ಲ. ಹಾಗಾಗಿ ಕಟ್ಟಿದ ತೆರಿಗೆಯಲ್ಲಿ ಒಂದು ಪೈಸೆಯೂ ವಾಪಸ್ ಬರುವುದಿಲ್ಲ. ಒಂದೂವರೆ ರೂಪಾಯಿಗೆ ಜನ ಬಾಯಿ ಬಿಡುವುದು ಸುಮ್ನೆ ಅಲ್ಲ.

ಮೂರುಗೇರ್

ಕಂಪನಿ ಕಾರ್ಡುಗಳು ಹೇಗೆ? ಎಕ್ಸ್‌ಟ್ರಾಪವರ್, ಸ್ಮಾರ್ಟ್‌ಫ್ಲೀಟ್, ಡ್ರೈವ್‌ಟ್ರ್ಯಾಕ್ ಅಂತೆಲ್ಲ ಬೋರ್ಡ್ ಇರುತ್ತದಲ್ಲ.

ಲೆಕ್ಕದ ಅಕ್ಕ

ಎಕ್ಸ್‌ಟ್ರಾಪವರ್ ಇಂಡಿಯನ್ ಆಯಿಲ್‌ನದು, ಸ್ಮಾರ್ಟ್‌ಫ್ಲೀಟ್ ಭಾರತ್‌ನದು, ಡ್ರೈವ್‌ಟ್ರ್ಯಾಕ್ ಪ್ಲಸ್ ಎಚ್‌ಪಿಯದು. ನಾವು ದುಡ್ಡು ಮೊದಲೇ ತುಂಬಿಡುತ್ತೇವೆ, ಡ್ರೈವರ್ ಬಂಕಿನಲ್ಲಿ ಹಾಕಿಸುತ್ತಾನೆ, ನನ್ನ ಫೋನಿಗೆ ಮೆಸೇಜ್ ಬರುತ್ತದೆ. ಪಾಯಿಂಟ್ ಸಿಗುತ್ತದೆ. ಪಾಯಿಂಟಿನಿಂದ ಶ್ರೀಮಂತರಾಗುವುದೇನೂ ಇಲ್ಲ. ನನಗೆ ಅದು ಬೇಕಾಗಿರುವುದು ಬೇರೆ ಕಾರಣಕ್ಕೆ: ಯಾವ ಗಾಡಿ, ಯಾವ ಬಂಕ್, ಎಷ್ಟು ಲೀಟರ್, ಎಷ್ಟು ಗಂಟೆಗೆ ಎಲ್ಲ ತಾನಾಗೇ ಬರೆದುಕೊಳ್ಳುತ್ತದೆ. 250 ಲೀಟರ್ ಹಾಕಿಸಿ 280ರ ಬಿಲ್ ತರುವುದು ನಿಂತಿತು.

ಶಿರಾಡಿ ಘಾಟ್

ಅಕ್ಕಾ, ಆ 30 ಲೀಟರ್ ನಿಂತ ಮೇಲೆ ಡ್ರೈವರ್ ಬಾಟಾ ಎಷ್ಟು ಏರಿಸಿದಿರಿ?

ಲೆಕ್ಕದ ಅಕ್ಕ

ಒಳ್ಳೇ ಪ್ರಶ್ನೆ. ಮೊದಲ ವರ್ಷ ಏರಿಸಲಿಲ್ಲ, ಇಬ್ಬರು ಕೆಲಸ ಬಿಟ್ಟರು. ಈಗ ಮೈಲೇಜ್ ಮೇಲೆ ಕೊಡುತ್ತೇವೆ. ಮಾತಾಡಿಕೊಂಡ ಮೈಲೇಜಿಗಿಂತ ಡೀಸೆಲ್ ಉಳಿಸಿದರೆ ಉಳಿದದ್ದರಲ್ಲಿ ಅರ್ಧ ಡ್ರೈವರಿಗೆ. ಕೆಟ್ಟ ಡೀಸೆಲ್ ಬಂತು ಅಂದರೆ ಈಗ ಅವರೇ ಮೊದಲು ಫೋನ್ ಮಾಡುತ್ತಾರೆ.

ಶಿರಾಡಿ ಘಾಟ್

ಹಾಗೆ ಹೇಳಿ. ನಿಮ್ಮಲ್ಲಿ ಸೀಟ್ ಖಾಲಿ ಇದ್ದರೆ ತಿಳಿಸಿ.

ಹುಬ್ಬಳ್ಳಿ ಹತ್ತುಚಕ್ರ

ಒಂಬತ್ತು ದಿನ ಆದಮೇಲೆ ಬರೆಯುತ್ತಿದ್ದೇನೆ. ಏನೇನಾಯಿತು ಅಂದರೆ:

ಮುಚ್ಚಳ ಬಿಚ್ಚಿ ನೋಡಿದೆ. ತುಮಕೂರಿನವರು ಹೇಳಿದ್ದು ಅಕ್ಷರಶಃ ನಿಜ. ರಬ್ಬರ್ ಬಳೆ ಒಣಗಿ ಒಂದು ಕಡೆ ಹರಿದಿತ್ತು. ಪ್ರೆಷರ್ ನೀರು ನೇರ ಒಳಗೆ ಹೋಗಿದೆ, ಮೇಲೆ ಮಳೆ ಬೇರೆ. ಟ್ಯಾಂಕ್ ತಳದ ಪ್ಲಗ್ ಬಿಚ್ಚಿದಾಗ ಇನ್ನೂ ಒಂದು ಲೀಟರಿನಷ್ಟು ನೀರು, ಕೆಸರು ಬಂತು. ಬಳೆ ಹೊಸದು ಹಾಕಿದೆ, ಫಿಲ್ಟರ್ ಎರಡೂ ಬದಲಾಯಿಸಿದೆ. ಆ ಬಂಕಿನವನನ್ನು ಮನಸ್ಸಿನಲ್ಲಿ ಬೈದದ್ದಕ್ಕೆ ಕ್ಷಮೆ ಇರಲಿ.

ಆಮೇಲೆ ಅದೇ ಬಂಕಿಗೆ ಹೋಗಿ ರಿಜಿಸ್ಟರ್ ಕೇಳಿದೆ. ಹುಡುಗ ಮುಖ ಗಂಟು ಹಾಕಿಕೊಂಡ, ಮ್ಯಾನೇಜರ್ ಬಂದು ಸುಮ್ಮನೆ ತೋರಿಸಿದರು. ಜಾಡಿಯಲ್ಲಿ ಅಳೆದು ಟೇಬಲ್ ನೋಡಿದರೆ 819. ರಿಜಿಸ್ಟರಿನಲ್ಲಿ 818. ಐದು ಲೀಟರ್ ಪಾತ್ರೆಯೂ ಸರಿ ಬಂತು.

ಆದರೆ ನೀರು ತೆಗೆದ ಮೇಲೂ ಮೈಲೇಜ್ 3.82ಕ್ಕೆ ನಿಂತಿದೆ. 3.9 ಬರುತ್ತಿಲ್ಲ. ಹಳೇ ಬಿಲ್ಲುಗಳನ್ನು ತೆಗೆದು ನೋಡಿದೆ. ಮುಂಚೆ ಹಾಕಿಸುತ್ತಿದ್ದ ಬಂಕಿನ ಬಿಲ್ಲಿನಲ್ಲಿ ಡೆನ್ಸಿಟಿ 834 ಅಂತಿದೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

ಹಳೇ ಬಂಕ್ ಮ್ಯಾನೇಜರ್

ಇದೆ. ಇದನ್ನು ಗಿರಾಕಿ ಕೇಳಿದ್ದು ನಾನು ನೋಡಿದ್ದು ಇದೇ ಮೊದಲು.

ಬಿಎಸ್6 ಡೀಸೆಲ್ ಡೆನ್ಸಿಟಿ 810ರಿಂದ 845ರ ತನಕ ಎಷ್ಟಿದ್ದರೂ ನಿಯಮದ ಪ್ರಕಾರ ಸರಿ. 818 ಕಲಬೆರಕೆಯಲ್ಲ, 834ಕ್ಕೆ ವಿಶೇಷ ಗುಣವೂ ಇಲ್ಲ. ಆದರೆ ಡೀಸೆಲ್ಲಿನ ಶಕ್ತಿ ಇರುವುದು ತೂಕದಲ್ಲಿ, ನೀವು ಕೊಳ್ಳುವುದು ಲೀಟರಿನಲ್ಲಿ. 834 ಅಂದರೆ ಒಂದು ಲೀಟರಿನಲ್ಲಿ 834 ಗ್ರಾಂ, 818 ಅಂದರೆ 818 ಗ್ರಾಂ. ಅದೇ ದುಡ್ಡಿಗೆ 16 ಗ್ರಾಂ ಕಡಿಮೆ ಮಾಲು. ಸುಮಾರು ಶೇಕಡಾ 2. ಮೈಲೇಜೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ.

ಲೆಕ್ಕದ ಅಕ್ಕ

ತಾಳಿ ತಾಳಿ. 91 ರೂಪಾಯಿಗೆ ಶೇಕಡಾ 1.92 ಅಂದರೆ 1.75. ಅಂದರೆ ಬಂಕಿನವನು ಕೈಗೆ ಒಂದೂವರೆ ಕೊಟ್ಟ, ಲೀಟರಿನೊಳಗೇ ಒಂದೂಮುಕ್ಕಾಲು ಕಡಿಮೆ ಇತ್ತು. ಯಾರೂ ಮೋಸ ಮಾಡಿಲ್ಲ, ಆದರೂ ನಷ್ಟ!

ಹಳೇ ಬಂಕ್ ಮ್ಯಾನೇಜರ್

ಹೌದು ಮೇಡಂ. ಆದರೆ ಆ ಬಂಕ್ ಯಾವತ್ತೂ 818 ಅಂತ ತಿಳಿಯಬೇಡಿ. ಯಾವ ರಿಫೈನರಿಯ ಮಾಲು, ಯಾವ ಡಿಪೋದ ಲೋಡ್ ಅನ್ನುವುದರ ಮೇಲೆ ಬದಲಾಗುತ್ತದೆ. ಮುಂದಿನ ಟ್ಯಾಂಕರ್ 832 ಬರಬಹುದು. ಹುಬ್ಬಳ್ಳಿಯವರಿಗೆ ಮೊದಲೆರಡು ಸಲ ವ್ಯತ್ಯಾಸ ಗೊತ್ತಾಗದೇ ಇದ್ದದ್ದು ಬಹುಶಃ ಅದಕ್ಕೇ. ಹಾಕಿಸುವ ಮುಂಚೆ ಯಂತ್ರದ ಮೇಲಿನ ಅಂಕಿ ನೋಡಿ, ಅರ್ಧ ನಿಮಿಷದ ಕೆಲಸ. ಮಳೆ, ಟೈರ್ ಗಾಳಿ, ಎದುರು ಗಾಳಿ ಇವೂ ಶೇಕಡಾ 2 ತಿನ್ನುತ್ತವೆ, ಅದೂ ನೆನಪಿರಲಿ.

ಹುಬ್ಬಳ್ಳಿ ಹತ್ತುಚಕ್ರ

ಬಿಲ್ ಪುಸ್ತಕದಲ್ಲಿ ಇವತ್ತಿನಿಂದ ಇನ್ನೊಂದು ಕಾಲಂ ಹಾಕಿದ್ದೇನೆ, ಡೆನ್ಸಿಟಿ ಅಂತ. ನಿನ್ನೆ ಆ ಬಂಕಿನಲ್ಲಿ 829 ಇತ್ತು. ಒಂದೂವರೆಯನ್ನೂ ಬಿಡಲಿಲ್ಲ, 240 ಲೀಟರ್ ಹಾಕಿಸಿಕೊಂಡು ಬಂದೆ. ಈಗ ಸಾತಾರಾ ಹತ್ತಿರ ಇದ್ದೇನೆ, ಮಳೆ ಜೋರು. ಟ್ಯಾಂಕ್ ಮುಚ್ಚಳದ ಮೇಲೆ ಹಳೇ ಟ್ಯೂಬ್ ತುಂಡೊಂದನ್ನು ಕಟ್ಟಿದ್ದೇನೆ.

ಇಂಜೆಕ್ಟರ್ ಅಂಗಡಿ, ತುಮಕೂರು

ಗಾಳಿ ತೂತು ಮುಚ್ಚದ ಹಾಗೆ ಕಟ್ಟಿ ಅಣ್ಣ. ಇಲ್ಲದಿದ್ದರೆ ಟ್ಯಾಂಕಿಗೆ ಗಾಳಿ ಹೋಗದೆ ಗಾಡಿ ದಾರಿಯಲ್ಲಿ ನಿಲ್ಲುತ್ತದೆ.

ಹುಬ್ಬಳ್ಳಿ ಹತ್ತುಚಕ್ರ

ಅಯ್ಯೋ. ಬಿಚ್ಚಿ ಬರುತ್ತೇನೆ ತಾಳಿ.